ಪಾಳಿಯ ಒಳಬಾಗಿಲು

ಸಿದ್ದಾಪುರದಲ್ಲಿ ಮಾರೆವ್ವನ ಮಾತು ಅಂದರೆ ಬರೆದುಕೊಟ್ಟ ಕಾಗದಕ್ಕಿಂತ ಗಟ್ಟಿ. ಆಕೆಗೆ ಬರೆಯಲು ಬರುವುದಿಲ್ಲ, ಅದು ಬೇರೆ ಮಾತು. ಹದಿನೆಂಟು ಹೆಣ್ಣುಮಕ್ಕಳ ನಾಟಿ ಗುಂಪಿಗೆ ಆಕೆಯೇ ಮುಂದಾಳು. ಕಾಲುವೆಗೆ ನೀರು ಬಿಟ್ಟರೆಂದರೆ ಇಡೀ ಸೀಮೆಗೆ ಒಮ್ಮೆಲೇ ಅವಸರ ಹತ್ತಿಕೊಳ್ಳುತ್ತದೆ. ಎಲ್ಲರ ಸಸಿಯೂ ಒಂದೇ ಸಲ ಬೆಳೆದು ನಿಲ್ಲುತ್ತದೆ, ಎಲ್ಲರ ಗದ್ದೆಯೂ ಒಂದೇ ಸಲ ಕೆಸರಾಗುತ್ತದೆ, ಎಲ್ಲರಿಗೂ ಮಾರೆವ್ವನೇ ಬೇಕು. ಆಗ ರೈತರು ಎಲೆ-ಅಡಿಕೆ ಹಿಡಿದುಕೊಂಡು ಆಕೆಯ ಮನೆಯ ಕಟ್ಟೆಗೆ ಬರುತ್ತಾರೆ. ಆಕೆ ಎಲೆ ತೆಗೆದುಕೊಂಡು "ಇಂಥಾ ದಿನ ಬರ್ತೀವಿ, ಹೋಗ್ರಿ" ಅಂದಳೋ, ಮುಗಿಯಿತು. ಆ ದಿನ ಬೆಳಗಾದರೆ ಆ ಗದ್ದೆಯ ಬದುವಿನ ಮೇಲೆ ಹದಿನೆಂಟು ಜನ ಸೀರೆ ಎತ್ತಿ ಕಟ್ಟಿ ನಿಂತಿರುತ್ತಾರೆ.

ಮೂವತ್ತು ವರ್ಷ ಈ ಪಾಳಿಯ ದಫ್ತರ ಇದ್ದದ್ದು ಆಕೆಯ ಮನೆಯ ಗೋಡೆಯ ಮಾಡದಲ್ಲಿ, ಆ ಸಣ್ಣ ಗೂಡಿನಲ್ಲಿ. ಬಂದ ಅಡಿಕೆಗಳನ್ನು ಬಂದ ಸಾಲಿನಲ್ಲೇ ಅಲ್ಲಿ ಜೋಡಿಸಿಡುವುದು, ಒಂದು ನಾಟಿ ಮುಗಿದರೆ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುವುದು. ಯಾವ ಅಡಿಕೆ ಯಾರದು ಎಂಬುದು ಆಕೆಯ ತಲೆಯಲ್ಲಿ. ಎಂಥ ಛಲೋ ಪದ್ಧತಿ! ಆದರೆ ಎರಡು ವರ್ಷದ ಹಿಂದೆ ಒಂದು ದರಿದ್ರ ಇಲಿ ಆ ಮಾಡಕ್ಕೆ ಹೊಕ್ಕು ಅಡಿಕೆಗಳನ್ನೆಲ್ಲ ಉರುಳಾಡಿಸಿ ಹೋಯಿತು. ಆ ವರ್ಷ ಕಟ್ಟೆಯ ಮುಂದೆ ನಡೆದ ಬೈದಾಟವನ್ನು ಊರವರು ಇವತ್ತಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ.

ಅದನ್ನು ಕಣ್ಣಾರೆ ಕಂಡವಳು ಅನುಷಾ, ಮಾರೆವ್ವನ ತಂಗಿಯ ಮಗಳು. ಆಗ ಗಂಗಾವತಿಯಲ್ಲಿ ಬಿಸಿಎ ಕಡೇ ವರ್ಷದಲ್ಲಿದ್ದಳು. ಕಾಲೇಜಿಗೆ ಹೇಗೂ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ದೊಡ್ಡವ್ವನ ಫೋನಿಗೆ ಒಂದು ಆ್ಯಪ್ ಬರೆದಳು, ಹೆಸರು 'ಪಾಳಿ'. ಅದರಲ್ಲಿ ಓದುವುದು ಬರೆಯುವುದು ಏನೂ ಇಲ್ಲ. ಒಂದು ದೊಡ್ಡ ಕೆಂಪು ಗುಂಡಿ. ಅದನ್ನು ಒತ್ತಿದರೆ ರೈತ ತನ್ನ ಬಾಯಿಂದಲೇ ಹೆಸರು, ಗದ್ದೆ, ದಿನ ಹೇಳುತ್ತಾನೆ, ಆ್ಯಪ್ ಆ ಹೆಸರನ್ನು ಕೇಳಿ ಅಕ್ಷರಕ್ಕಿಳಿಸಿಕೊಳ್ಳುತ್ತದೆ. ಮಾರೆವ್ವ ಒಪ್ಪಿದ ಮಾತೂ ಅದರಲ್ಲೇ ಸೇರುತ್ತದೆ. ಮಾತಾಡಿದವರು ಇಬ್ಬರು, ದನಿ ಎರಡು, ಮುಂದೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಇಲಿಯಂತೂ ಫೋನಿನೊಳಗೆ ಹೋಗುವುದಿಲ್ಲ. ಮಾರೆವ್ವ ಅದನ್ನು ಊರಿಗೆಲ್ಲ ತೋರಿಸಿ, "ನನ್ನ ತಂಗಿ ಮಗಳು ಮಾಡ್ಯಾಳ" ಎಂದು ಮೆರೆದದ್ದೇ ಮೆರೆದದ್ದು. ಹೋದ ವರ್ಷದ ನಾಟಿ ಹೂವೆತ್ತಿದಂತೆ ಮುಗಿಯಿತು.

ಈ ವರ್ಷ ಅದೇ ಆ್ಯಪ್ ಕೈ ಕೊಟ್ಟಿತು. ಅದೂ ಯಾವಾಗ? ಸೋಮವಾರ ನಾಟಿ ಶುರುವಾಗಬೇಕು ಅನ್ನುವಾಗ, ಭಾನುವಾರ ಬೆಳಿಗ್ಗೆ.

"ನಿನ್ನ ಪಾಳಿ ಸತ್ತೈತಿ. ಲಗೂನ ಬಾ," ಎಂದು ಮಾರೆವ್ವ ಫೋನು ಮಾಡಿದಳು. ಅನುಷಾ ಈಗ ಗಂಗಾವತಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಕಾರಟಗಿ ಬಸ್ಸು ಹತ್ತಿದಳು.

ಸಿದ್ದಾಪುರದಲ್ಲಿ ಇಳಿದು ಮನೆಯ ಹತ್ತಿರ ಬರುವಾಗಲೇ ಜಗಳ ಕೇಳಿಸಿತು. ಕಟ್ಟೆಯ ಒಂದು ತುದಿಗೆ ವಿರೂಪಾಕ್ಷಪ್ಪ ಕೂತಿದ್ದರು. ಎಂಟೆಕರೆ ಗದ್ದೆ, ಊರಲ್ಲೊಂದು ಗೊಬ್ಬರದ ಅಂಗಡಿ, ಇಸ್ತ್ರಿ ಮಾಡಿದ ಬಿಳಿ ಧೋತರ, ದೊಡ್ಡ ದನಿ. ಮನುಷ್ಯ ಕೆಟ್ಟವರಲ್ಲ, ಆದರೆ ತಾವು ಹೇಳಿದ್ದೇ ಆಗಬೇಕು. ಇನ್ನೊಂದು ತುದಿಗೆ ಕಳಕಮ್ಮ ನಿಂತಿದ್ದಳು. ಅವಳದು ಉಪಕಾಲುವೆಯ ಕಟ್ಟಕಡೆಯಲ್ಲಿ ಎರಡೆಕರೆ. ಅಲ್ಲಿಗೆ ನೀರು ಮುಟ್ಟುವುದೇ ಕಷ್ಟ, ಮುಟ್ಟಿದರೂ ಎರಡು ದಿನ ನಿಂತರೆ ಹೆಚ್ಚು.

"ಸೋಮವಾರ ಮೊದಲನೇ ಪಾಳಿ ನಂದು! ಮಾರೆವ್ವ ನನಗ ಬಾಯಿಬಿಟ್ಟು ಹೇಳ್ಯಾಳ," ಎಂದರು ವಿರೂಪಾಕ್ಷಪ್ಪ.

"ಅಕ್ಕ ನನಗ ಹೇಳ್ಯಾಳ್ರಿ. ನೀರು ನಿನ್ನೆ ಸಂಜಿ ಬಂದೈತಿ. ನಾಳಿಗೆ ಹಚ್ಚಲಿಲ್ಲಂದ್ರ ಗದ್ದಿ ಬಿರಿತೈತಿ, ಸಸಿ ದನಕ್ಕ ಹಾಕಬೇಕಾಗ್ತೈತಿ," ಎಂದಳು ಕಳಕಮ್ಮ.

ಮಾರೆವ್ವ ಮಾತ್ರ ಕಂಬಕ್ಕೊರಗಿ ನಿಶ್ಚಿಂತೆಯಿಂದ ಕೂತಿದ್ದಳು. "ನನಗ ಛಲೋ ನೆನಪೈತಿ ಸಾವ್ಕಾರ್ರ. ಮೊದಲನೇ ಪಾಳಿ ಕಳಕಮ್ಮಂದು. ನಿಮ್ದು ಬುಧವಾರ."

"ಹಂಗಾರ ನಾ ಸುಳ್ಳ ಹೇಳಾಕತ್ತೀನೇನು? ಹಚ್ಚು ನಿನ್ನ ಫೋನ್, ಕೇಳೂಣು. ನನ್ನ ಮಾತು ಸುಳ್ಳಾದ್ರ ಸುಮ್ಮನ ಎದ್ದು ಹೋಗ್ತೀನಿ. ನಿನ್ನ ಮಾತು ಸುಳ್ಳಾತಂದ್ರ ಕಾರಟಗಿಯಿಂದ ನಾಟಿ ಮಿಷನ್ ತರಿಸ್ತೀನಿ. ಈ ವರ್ಷ ಅಷ್ಟ ಅಲ್ಲ, ಮುಂದೂ ನಿಮ್ಮ ಗುಂಪಿನ ಹಂಗಿಲ್ಲ. ನನ್ನ ನೋಡಿ ಊರಾನವರು ಏನ್ ಮಾಡ್ತಾರ ಅನ್ನೋದು ನಿನಗ ಗೊತ್ತೈತಿ."

ಗೊತ್ತಿಲ್ಲದೆ ಏನು? ಒಬ್ಬ ದೊಡ್ಡ ರೈತ ಮಿಷನ್ ಕಡೆ ಹೊರಳಿದರೆ ಹಿಂದೆ ಹತ್ತು ಜನ ಹೊರಳುತ್ತಾರೆ. ಹದಿನೆಂಟು ಮನೆಗಳ ಕೆಲಸ ಮಾರೆವ್ವನ ಒಂದು ಮಾತಿಗೆ ಜೋತುಬಿದ್ದಿತ್ತು. ಆ ಮಾತೋ, ತೆರೆಯದ ಫೋನಿನೊಳಗಿತ್ತು.

ಅನುಷಾ ಫೋನು ಇಸಿದುಕೊಂಡು 'ಪಾಳಿ'ಯನ್ನು ಒತ್ತಿದಳು. ಅದು ಒಂದು ಸಲ ಬಂದಂತೆ ಮಾಡಿ ಮುಚ್ಚಿಕೊಂಡಿತು. ಮತ್ತೆ ಒತ್ತಿದಳು, ಮತ್ತೆ ಅದೇ.

"ನಿನ್ನೆ ಕಡೀಕ ಯಾರು ಮಾತಾಡಿದ್ರು ದೊಡ್ಡವ್ವ?"

"ಕೆಳಗಿನ ಓಣಿ ಗಾದಿಲಿಂಗಪ್ಪ. ಈ ವರ್ಷ ಮಂದಿ ಗದ್ದಿ ಲಾವಣಿಗೆ ಹಾಕ್ಕೊಂಡು ಮಾಡಾಕತ್ತಾನ."

"ಅವನಕಿಂತ ಮದ್ಲ?"

"ಗುಡಿ ಹಿಂದಿನ ಗಾದಿಲಿಂಗಪ್ಪ."

ಅನುಷಾ ಹಣೆ ಹಣೆ ಬಡಿದುಕೊಂಡಳು. ಆ್ಯಪ್ ಬರೆಯುವಾಗ ಸಾಲಿನಲ್ಲಿ ಒಬ್ಬೊಬ್ಬರನ್ನು ಗುರುತಿಸಲು ಅವರ ಹೆಸರನ್ನೇ ಗುರುತು ಮಾಡಿದ್ದಳು. ಒಂದು ಹೆಸರಿಗೆ ಒಬ್ಬನೇ ಮನುಷ್ಯ ಎಂದು ಆ್ಯಪ್ ನಂಬಿತ್ತು. ಅದೇ ಹೆಸರಿನ ಎರಡನೆಯವನು ಬಂದು ಕೂತ ಕೂಡಲೇ ಗೊಂದಲಕ್ಕೆ ಬಿದ್ದು, ತೆರೆದಾಗೊಮ್ಮೆ ಕುಸಿಯುತ್ತಿತ್ತು. ಎಲ್ಲೋ ದೂರದ ಊರಿನವರು ಇಂಥ ತಪ್ಪು ಮಾಡಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಸಿದ್ದಾಪುರದಲ್ಲಿ ಹುಟ್ಟಿ ಬೆಳೆದವಳು, ಓಣಿಯಲ್ಲಿ ನಿಂತು "ಗಾದಿಲಿಂಗಪ್ಪಾ" ಎಂದು ಕೂಗಿದರೆ ಮೂರು ಬಾಗಿಲು ತೆರೆಯುವುದನ್ನು ಕಂಡವಳು, ಮಾಡುವ ತಪ್ಪೇ ಇದು?

ತಪ್ಪು ತಿದ್ದುವುದು ಹತ್ತು ನಿಮಿಷದ ಕೆಲಸ. ತೊಡಕು ಬೇರೆ ಇತ್ತು. ಆ್ಯಪಿಗೆ ಒಂದು ಮುದ್ರೆ ಇರುತ್ತದೆ; ಅದೇ ಮುದ್ರೆ ಬಿದ್ದ ಹೊಸದನ್ನು ಮಾತ್ರ ಫೋನು ಹಳೆಯದರ ಮೇಲೆ ಕೂರಿಸಿಕೊಳ್ಳುತ್ತದೆ. 'ಪಾಳಿ'ಯ ಮುದ್ರೆ ಇದ್ದದ್ದು ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ. ಬೇಸಿಗೆ ರಜೆಯಲ್ಲಿ ಆ ಕಂಪ್ಯೂಟರುಗಳನ್ನೆಲ್ಲ ಅಳಿಸಿ ಹೊಸದು ಮಾಡಿದ್ದರು. ಇನ್ನು ಹೊಸ 'ಪಾಳಿ' ಹಾಕಬೇಕೆಂದರೆ ಹಳೆಯದನ್ನು ಕಿತ್ತೇ ಹಾಕಬೇಕು. ಕಿತ್ತರೆ ಅದರೊಳಗಿನ ದನಿಗಳೂ ಅದರ ಜೊತೆಗೇ ಹೋಗುತ್ತವೆ.

ಗಾಬರಿಯಲ್ಲಿ ಪ್ರವೀಣಕುಮಾರನಿಗೆ ಫೋನು ಹಚ್ಚಿದಳು. ಅವನು ಅವಳ ಕೇಂದ್ರದಲ್ಲೇ ಹಿರಿಯ ಮಾಸ್ತರ, ಕೊಪ್ಪಳದವನು. ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದ. "ಅನುಷಾ, ನೀ ನಿಮ್ಮ ದೊಡ್ಡವ್ವಗ ಹಾಕಿ ಕೊಟ್ಟದ್ದು ಪಕ್ಕಾ ಆ್ಯಪೋ, ಟೆಸ್ಟಿಂಗ್ ಆ್ಯಪೋ?"

ಅನುಷಾ ನಾಲಿಗೆ ಕಚ್ಚಿಕೊಂಡಳು. "ಟೆಸ್ಟಿಂಗದ್ದು ಸರ್. ಅವಸರ ಇತ್ತು, ಹಂಗೇ ಕೊಟ್ಟುಬಿಟ್ಟೆ."

"ಪಾಠ ಮಾಡುವಾಗ ಹತ್ತು ಸಲ ಬಡಕೊಂತೀನಿ, ಟೆಸ್ಟಿಂಗದ್ದು ಮಂದಿ ಕೈಯಾಗ ಕೊಡಬ್ಯಾಡ್ರಿ, ಅದಕ್ಕ ಒಳಬಾಗಲ ತೆರದಿರ್ತೈತಿ ಅಂತ. ಬಾಗಲ ತೆರದಿಟ್ರ ಕಳ್ಳ ಬ್ಯಾರೆ ಊರಿಂದನ ಬರಬೇಕಂತೇನಿಲ್ಲ." ಆಮೇಲೆ ಅವನಿಗೇ ನಗು ಬಂತು. "ಇವತ್ತು ಆ ತಪ್ಪ ನಿನ್ನ ಕೈ ಹಿಡಿತೈತಿ ನೋಡು. ಶೆಲ್ ತೆಗಿ, ರನ್-ಆ್ಯಸ್ ಹಾಕು."

ಅಯ್ಯೋ, ಹೌದಲ್ಲ! ಅನುಷಾಳ ಮುಖಕ್ಕೆ ಕಳೆ ಬಂತು. ಕಟ್ಟೆಯ ಮೇಲಿದ್ದವರಿಗೆ "ಅರ್ಧ ತಾಸು ಕೊಡ್ರಿ" ಎಂದು ಹೇಳಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಮಾರೆವ್ವನೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮೊದಲು ಫೋನಿನ ಸೆಟ್ಟಿಂಗಿಗೆ ಹೋಗಿ ಒಂದು ಸಾಲಿನ ಮೇಲೆ ಏಳು ಸಲ ಬೆರಳೊತ್ತಬೇಕಿತ್ತು.

"ಏಳ ಸಲ ಯಾಕಬೇ? ಇದೇನ್ ದೇವರಿಗೆ ಸುತ್ತ ಹಾಕೋದೇನು?"

"ಹಂಗ ತಿಳಕೋ ದೊಡ್ಡವ್ವ. ಸುತ್ತ ಹಾಕಿದ್ರ ಬಾಗಲದ ತನಕ ಬಿಡ್ತಾನ."

ಕೇಬಲ್ಲು ಹಚ್ಚಿ ಫೋನಿನ ಶೆಲ್ ತೆರೆದಳು. ಕಪ್ಪು ಕಿಟಕಿ, ಅದರಲ್ಲಿ ಒಂದು ಮಿಣುಕು. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಅಕ್ಷರದಲ್ಲಿ ಆಜ್ಞೆ ಬರೆದರಷ್ಟೇ ಕೆಲಸ. ಆ್ಯಪಿನ ಕಡತಗಳಿರುವ ಜಾಗಕ್ಕೆ ನೇರ ಹೋಗಲು ನೋಡಿದಳು. 'ಪರ್ಮಿಷನ್ ಡಿನೈಡ್' ಎಂದು ಫೋನು ಮುಖಕ್ಕೆ ಹೊಡೆದಂತೆ ಹೇಳಿತು.

"ಏನಂತದು?"

"ನಿನಗ ಒಳಗ ಬರಾಕ ಹಕ್ಕಿಲ್ಲ ಅಂತೈತಿ."

"ಫೋನ್ ನಂದು, ಮಾಡಿದಾಕಿ ನೀನು. ಹಕ್ಕಿಲ್ಲ ಅನ್ನಾಕ ಅದ್ಯಾರು?" ಮಾರೆವ್ವನಿಗೆ ನಿಜವಾಗಿ ಸಿಟ್ಟು ಬಂದಿತ್ತು.

ಅನುಷಾ ನಕ್ಕು ವಿವರಿಸಿದಳು. ಫೋನೆಂದರೆ ಒಂದು ವಠಾರ. ಪ್ರತಿ ಆ್ಯಪೂ ಅದರಲ್ಲೊಂದು ಒಕ್ಕಲು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವ ಹಾಗಿಲ್ಲ. ಆದರೆ ಟೆಸ್ಟಿಂಗ್ ಆ್ಯಪಿನ ಮಟ್ಟಿಗೆ ಒಂದು ರಿಯಾಯಿತಿ ಇದೆ. 'ನಾನೇ ಆ ಒಕ್ಕಲು' ಎಂದು ಹೇಳಿಕೊಂಡರೆ ಫೋನು ನಂಬಿ ಒಳಗೆ ಬಿಡುತ್ತದೆ.

ರನ್-ಆ್ಯಸ್, ಅಂದರೆ 'ಇಂಥವರ ಹೆಸರಲ್ಲಿ ನಡೆಸು' ಎಂದು ಬರೆದು, ಮುಂದೆ 'ಪಾಳಿ'ಯ ಪೂರ್ತಿ ಹೆಸರು ಬರೆದು ಎಂಟರ್ ಒತ್ತಿದಳು. ಫೋನು ಏನೂ ತಕರಾರು ಮಾಡಲಿಲ್ಲ. ನಾನು ಯಾರು ಎಂದು ಕೇಳಿ ನೋಡಿದಳು. ನೀನು ಪಾಳಿಯೇ ಎನ್ನುವಂತೆ ಆ್ಯಪಿನ ನಂಬರನ್ನೇ ತೋರಿಸಿತು. ಒಳಗಿರುವುದನ್ನು ಪಟ್ಟಿ ಮಾಡು ಎಂದಳು. ಇಪ್ಪತ್ಮೂರು ದನಿಗಳು, ಹೆಸರು ತಾರೀಖಿನ ಸಮೇತ, ಸಾಲಾಗಿ ಬಂದು ನಿಂತವು.

"ಸಿಕ್ಕುವು ದೊಡ್ಡವ್ವ! ಎಲ್ಲಾ ಅದಾವ!" ಅವಳ ಕಣ್ಣಲ್ಲಿ ನೀರೇ ಬಂತು.

"ಹೌದ? ಬದುಕಿಸಿದಿ ಮಗಳ. ಚಾ ಮಾಡ್ತೀನಿ ತಡಿ," ಎಂದು ಮಾರೆವ್ವ ಒಳಗೆದ್ದು ಹೋದಳು.

ಅನುಷಾ ಕಡತಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಮೊದಲು, ದನಿ ಸರಿಯಾಗಿ ಬರುತ್ತದೋ ಇಲ್ಲವೋ ನೋಡೋಣವೆಂದು ಎರಡನ್ನು ಮಾತ್ರ ತೆಗೆದುಕೊಂಡು ಇಯರ್‌ಫೋನು ಹಾಕಿಕೊಂಡಳು. ಮೊದಲನೆಯದು ಕಳಕಮ್ಮನದು. "ನಾನ್ರಿ ಕಳಕಮ್ಮ, ಕಡೀ ಗದ್ದಿ, ಸೋಮವಾರ..." ಅದಕ್ಕೆ ಮಾರೆವ್ವ, "ಆತು. ಸೋಮವಾರ ನಿನಗ." ಸರಿಯಾಗಿಯೇ ಇತ್ತು. ಎರಡನೆಯದು ಮೂರು ದಿನದ ನಂತರದ್ದು, ವಿರೂಪಾಕ್ಷಪ್ಪನವರ ದೊಡ್ಡ ದನಿ. "ಸೋಮವಾರ ಮೊದಲನೇ ಪಾಳಿ ನಂದಿರಬೇಕು ನೋಡು ಮಾರೆವ್ವ." ಆಮೇಲೆ ದೊಡ್ಡವ್ವನ ದನಿ, ಅನುಮಾನಕ್ಕೆ ಎಡೆಯೇ ಇಲ್ಲದಂತೆ. "ಆತು ಸಾವ್ಕಾರ್ರ, ಸೋಮವಾರ ಮೊದಲ ಕಾಲಿಡೋದು ನಿಮ್ಮ ಗದ್ದಿಗೇ."

ಅನುಷಾ ಇಯರ್‌ಫೋನು ಕಿತ್ತಿಟ್ಟಳು. ದೊಡ್ಡವ್ವ ಒಂದೇ ದಿನ ಇಬ್ಬರಿಗೆ ಮಾತು ಕೊಟ್ಟುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ದನಿ ಕಟ್ಟೆಯ ಮೇಲೆ ಕೇಳಿತೆಂದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಹದಿನೆಂಟು ಮನೆಗಳ ಕೆಲಸದ ಜಾಗಕ್ಕೆ ಮಿಷನ್ ಬಂದು ಕೂರುತ್ತದೆ. ಕಳಕಮ್ಮನ ಸಸಿ ದನಕ್ಕೆ.

ಕಪ್ಪು ಕಿಟಕಿ ಇನ್ನೂ ತೆರೆದೇ ಇತ್ತು. ಅಲ್ಲಿ ಅವಳು ಅನುಷಾ ಅಲ್ಲ, ಪಾಳಿ. ಪಾಳಿಗೆ ಓದುವ ಹಕ್ಕಿದ್ದಂತೆ ಅಳಿಸುವ ಹಕ್ಕೂ ಇದೆ. ಎರಡಕ್ಷರದ ಒಂದು ಆಜ್ಞೆ, ಮುಂದೆ ಆ ಕಡತದ ಹೆಸರು. ಲ್ಯಾಪ್‌ಟಾಪಿಗೆ ಇಳಿದದ್ದನ್ನೂ ಅಳಿಸಿದರೆ ಮುಗಿಯಿತು. ಫೋನು ಕೆಟ್ಟಿತ್ತು, ಸಾವ್ಕಾರರದೊಂದು ಉಳಿಯಲಿಲ್ಲ ಅಂದರೆ ಯಾವ ದೇವರು ಬಂದು ಕೇಳಬೇಕು? ಅವಳ ಬೆರಳು ಆ ಆಜ್ಞೆಯನ್ನು ಬರೆದೂ ಬಿಟ್ಟಿತು. ಇನ್ನು ಎಂಟರ್ ಒಂದೇ ಬಾಕಿ.

ಹೊರಗೆ ವಿರೂಪಾಕ್ಷಪ್ಪ ಕಳಕಮ್ಮನಿಗೆ ಹೇಳುತ್ತಿದ್ದರು. "ಆ ಹುಡುಗಿ ಮಾಡಿದ ಡಬ್ಬಿ ಐತಲ್ಲ, ಅದು ಸುಳ್ಳ ಹೇಳೂದಿಲ್ಲ. ನನ್ನ ಕಡೆ ಹೇಳಿದ್ರೂ ಅಷ್ಟ, ನಿನ್ನ ಕಡೆ ಹೇಳಿದ್ರೂ ಅಷ್ಟ, ನಾ ಕೇಳ್ತೀನಿ." ಕಳಕಮ್ಮ "ಹೂನ್ರಿ, ನಾನೂ ಕೇಳ್ತೀನಿ" ಎಂದಳು.

ಕಳ್ಳ ಬೇರೆ ಊರಿಂದಲೇ ಬರಬೇಕಂತೇನಿಲ್ಲ ಎಂದು ಪ್ರವೀಣಕುಮಾರ ಆಡಿದ ಮಾತು ಅನುಷಾಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಮುಖ ಸುಟ್ಟಂತಾಯಿತು. ಬರೆದದ್ದನ್ನು ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದಳು. ತಲೆ ಎತ್ತಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಾರೆವ್ವ ಚಹಾದ ಲೋಟ ಹಿಡಿದು ನಿಂತಿದ್ದಳು.

"ಯಾಕ, ಏನಾತು? ಮಾರಿ ಯಾಕ ಹಂಗ ಮಾಡೀದಿ?"

"ದೊಡ್ಡವ್ವ, ನೀ ಇಬ್ಬರಿಗೂ ಸೋಮವಾರ ಅಂದೀದಿ."

ಮಾರೆವ್ವ ಲೋಟ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡು, "ನನ್ನ ದನಿ ಹೌದಿಲ್ಲೋ? ಹೌದಂದ ಮ್ಯಾಲ ಮುಚ್ಚಿಡಾಕ ಬರ್ತೈತೇನು. ಹೊರಗ ತಗೊಂಡ ಬಾ. ಪೂರಾ ಹಚ್ಚು. ಆಮ್ಯಾಲ ಏನಾಗ್ತದ ಆಗ್ಲಿ," ಎಂದಳು.

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅನುಷಾ ದನಿ ಜೋರು ಮಾಡಿದಳು. ಅಷ್ಟರಲ್ಲಿ ಗುಂಪಿನ ಏಳೆಂಟು ಹೆಣ್ಣುಮಕ್ಕಳೂ ಬಂದು ಸೇರಿದ್ದರು. ಕಳಕಮ್ಮನದು ಮುಗಿಯಿತು. ವಿರೂಪಾಕ್ಷಪ್ಪನವರದು ಶುರುವಾಯಿತು. "ಸೋಮವಾರ ಮೊದಲ ಕಾಲಿಡೋದು ನಿಮ್ಮ ಗದ್ದಿಗೇ" ಎಂಬ ಮಾತು ಬಂದಾಗ ಅವರು ತೊಡೆ ತಟ್ಟಿ "ಕೇಳಿದಿರಿಲ್ಲೋ!" ಎಂದರು. ಕಳಕಮ್ಮ ಕಂಬ ಹಿಡಿದುಕೊಂಡಳು. ಮಾರೆವ್ವ ತಲೆ ತಗ್ಗಿಸಿ, "ತಪ್ಪ ನಂದು" ಎನ್ನಲು ಬಾಯಿ ತೆರೆದಳು.

ಆದರೆ ದನಿ ನಿಂತಿರಲಿಲ್ಲ. ಲ್ಯಾಪ್‌ಟಾಪಿನೊಳಗಿನ ವಿರೂಪಾಕ್ಷಪ್ಪ ಇನ್ನೂ ಮಾತಾಡುತ್ತಲೇ ಇದ್ದರು.

"ನಾಟಿ ಪೂರಾ ಮುಗಿಸೂದು ಬ್ಯಾಡ ಮಾರೆವ್ವ. ಸೋಮವಾರ ದಿನ ಛಲೋ ಐತಿ ಅಂತ ಅಯ್ಯನೋರು ಹೇಳ್ಯಾರ. ಬೆಳಿಗ್ಗೆ ನಾಕ ಸಾಲು ಹಚ್ಚಿ ಮುಹೂರ್ತ ಮಾಡಿ ಹೋಗ್ರಿ, ಸಾಕು. ಉಳಿದದ್ದು ಬುಧವಾರ ಹಚ್ಚೀರಂತ. ಏಯ್, ಆ ನಾಕ ಸಾಲಿನ ಸಸಿ ಐತಲ್ಲ, ನಾನ ಖುದ್ದ ತಲಿಮ್ಯಾಲ ಹೊತ್ತು ತಂದು ನಿಮ್ಮ ಕೈಗೆ ಕೊಡ್ತೀನಿ. ನೋಡ್ತಿರು!"

ಮಾರೆವ್ವನ ದನಿ ನಗುತ್ತಿತ್ತು. "ಹೊತ್ತೀರಿ, ಹೊತ್ತೀರಿ. ಆತು, ಬುಧವಾರ ಪೂರಾ."

ಗುಂಪಿನಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು, ಹೆಣ್ಣುಮಕ್ಕಳ ನಗೆ ಓಣಿಯ ಆ ತುದಿಯವರೆಗೂ ಕೇಳಿತು. ವಿರೂಪಾಕ್ಷಪ್ಪನವರಿಗೆ ಮೊದಲ ಪಾಳಿ ನೆನಪಿತ್ತು, ನಾಲ್ಕು ಸಾಲಿನ ಮಾತು ಮರೆತಿತ್ತು. ಮಾರೆವ್ವನಿಗೆ ಬುಧವಾರ ನೆನಪಿತ್ತು, ಮುಹೂರ್ತ ಮರೆತಿತ್ತು. ಇಬ್ಬರೂ ಅರ್ಧರ್ಧ ಮಾತು ಹಿಡಿದುಕೊಂಡು ಬೆಳಗಿನಿಂದ ಗುದ್ದಾಡಿದ್ದರು.

"ನಾನೇನಾ ಇದು? ತಲಿಮ್ಯಾಲ ಹೊತ್ತು ಅಂದೀನಾ?" ವಿರೂಪಾಕ್ಷಪ್ಪ ಕಿವಿ ಕೆರೆದುಕೊಂಡರು.

"ಡಬ್ಬಿ ಸುಳ್ಳ ಹೇಳೂದಿಲ್ಲಂತ ನೀವ ಅಂದೀರಿ ಸಾವ್ಕಾರ್ರ," ಎಂದಳು ಕಳಕಮ್ಮ. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತ್ತು.

ಮರುದಿನ ಸೋಮವಾರ, ಹೊತ್ತು ಮೂಡುವ ಮೊದಲೇ ಹದಿನೆಂಟು ಜನ ವಿರೂಪಾಕ್ಷಪ್ಪನವರ ಬದುವಿನ ಮೇಲಿದ್ದರು. ಅವರು ಇಸ್ತ್ರಿಯ ಧೋತರವನ್ನು ಮೊಳಕಾಲ ಮೇಲೆ ಕಟ್ಟಿ, ತಲೆಗೆ ಟವೆಲ್ಲಿನ ಸಿಂಬಿ ಇಟ್ಟು, ಸಸಿಕಟ್ಟು ಹೊತ್ತು ಬಂದರು. ನೀರು ಕಿವಿಗುಂಟ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಎರಡನೇ ಸಲ ಬರುವಾಗ ಕೆಸರಲ್ಲಿ ಕಾಲು ಜಾರಿ ಕೂತೇಬಿಟ್ಟರು, ಆದರೂ ಸಸಿ ಬಿಡಲಿಲ್ಲ. "ಕೊಟ್ಟ ಮಾತು ನೋಡ್ರೆವಾ!" ಎಂದು ಕೂತಲ್ಲಿಂದಲೇ ಕಟ್ಟು ಎತ್ತಿ ಹಿಡಿದರು. ನಾಲ್ಕು ಸಾಲು ಹಚ್ಚಿ ಮುಗಿಸಿ, ಬಿಸಿಲೇರುವುದರೊಳಗೆ ಗುಂಪು ಕಳಕಮ್ಮನ ಕಡೇ ಗದ್ದೆಯಲ್ಲಿತ್ತು. ಸಂಜೆಯ ಹೊತ್ತಿಗೆ ಅಲ್ಲಿ ಎರಡೆಕರೆಯೂ ಹಸಿರು.

ಅನುಷಾ ಕೇಂದ್ರಕ್ಕೆ ಒಂದು ದಿನ ರಜೆ ಹಾಕಿದ್ದಳು. ಹಗಲೆಲ್ಲ ಕೂತು ಹೊಸ 'ಪಾಳಿ' ಬರೆದಳು. ಇದರಲ್ಲಿ ನೂರು ಗಾದಿಲಿಂಗಪ್ಪರು ಬಂದರೂ ಜಾಗವಿದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದಳು, ಇಪ್ಪತ್ಮೂರು ದನಿಗಳನ್ನೂ ಅದರೊಳಗೆ ಸೇರಿಸಿದಳು. ಟೆಸ್ಟಿಂಗದ್ದಲ್ಲ, ಈ ಸಲ ಪಕ್ಕಾ. ಒಳಬಾಗಿಲು ಬಂದ್. ಮುದ್ರೆಯನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅಡಿಕೆ ಇಡುತ್ತಿದ್ದ ಮಾಡದಲ್ಲೇ, ಇಲಿಗೆ ಎಟುಕದಂತೆ ಡಬ್ಬಿಯೊಳಗಿಟ್ಟಳು.

ಸಂಜೆ ಮಾರೆವ್ವ ಕೈಕಾಲು ತೊಳೆದು ಬಂದು ಕೂತಾಗ ಅನುಷಾಳಿಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ನಿನ್ನೆ ನಾ ಸಾವ್ಕಾರ್ರ ದನಿ ಅಳಸಾಕ ಹೋಗಿದ್ದೆ."

"ಗೊತ್ತೈತಿ. ಅಕ್ಷರ ಓದಾಕ ಬರೂದಿಲ್ಲ, ಮಾರಿ ಓದಾಕ ಬರ್ತೈತಿ. ನಿನ್ನ ಕೈಬಟ್ಟು ಆ ಗುಂಡಿ ಮ್ಯಾಲ ನಿಂತದ್ದೂ ನೋಡೀನಿ, ಹಿಂದಕ್ಕ ಬಂದದ್ದೂ ನೋಡೀನಿ."

"ಅಳಿಸಿಬಿಟ್ಟಿದ್ರ?"

ಮಾರೆವ್ವ ಎಲೆಗೆ ಸುಣ್ಣ ಹಚ್ಚಿಕೊಂಡು ನಿಧಾನವಾಗಿ ಮಡಚಿದಳು. "ಇವತ್ತಿನಿಂದ ಮತ್ತ ಅಡಕಿನ ಜೋಡಿಸಿ ಇಡ್ತಿದ್ದೆ. ಇಲಿಗೆ ಅಂಜಿ ಬದುಕಬಹುದು ಮಗಳ. ಮನಿ ಮಗಳಿಗೆ ಅಂಜಿಕೊಂತ ಬದುಕಾಕ ಆಗೂದಿಲ್ಲ."

ಅನುಷಾ ದೊಡ್ಡವ್ವನ ಭುಜಕ್ಕೆ ತಲೆಯಾನಿಸಿ ಕೂತಳು. ಮಾರೆವ್ವ ಎಲೆ ಬಾಯಿಗೆ ಹಾಕಿಕೊಂಡು, ಫೋನು ತೆಗೆದು, ಹೊಸ 'ಪಾಳಿ'ಯ ಕೆಂಪು ಗುಂಡಿ ಒತ್ತಿ ಅವಳ ಬಾಯಿಯ ಮುಂದೆ ಹಿಡಿದಳು.

"ಹೇಳು. ಹೆಸರ ಹೇಳು, ಮತ್ತ ಯಾವಾಗ ಬರ್ತಿ ಹೇಳು."

"ಅನುಷಾ. ಬರೋ ಭಾನುವಾರ ಬರ್ತೀನಿ, ಊಟಕ್ಕ."

"ಆತು," ಎಂದಳು ಮಾರೆವ್ವ ಫೋನಿಗೆ. "ರೊಟ್ಟಿ ಮಾಡಿ ಇಟ್ಟಿರ್ತೀನಿ."